ಹಿಮ್ಮೆಟ್ಟದ ಫಿರಂಗಿ



ಮೈಸೂರಿನ ಬಾಣಗಳ ವಿಷಯವನ್ನು ನಾವೆಲ್ಲರೂ ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಅವುಗಳ ಸಂತತಿಯು ನಾವು ನೆಲೆಸಿರುವ ಈ ನ್ಯೂಜಿಲೆಂಡಿನಲ್ಲಿಯೂ ಹಾರಿದೆ ಎಂಬುದನ್ನು, ಮತ್ತು ಯಾರ ಮೇಲೆ ಹಾರಿತೆಂಬುದನ್ನು ಇಂದು ನಿವೇದಿಸಬಯಸುತ್ತೇನೆ.

ಮೊದಲು ಸ್ವಲ್ಪ ಭೌತಶಾಸ್ತ್ರ. ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದರೆ ಸಂವೇಗ. ಹೊರಗಿನ ಬಲವಿಲ್ಲದಿದ್ದರೆ ಒಟ್ಟು ಸಂವೇಗವು ಬದಲಾಗದು. 6 ಕಿಲೋಗ್ರಾಂ ಗುಂಡನ್ನು ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಉಗುಳಿದ 1200 ಕಿಲೋಗ್ರಾಂ ಫಿರಂಗಿಯು, ಮದ್ದಿನ ಹೊಗೆಯ ಲೆಕ್ಕವನ್ನು ಬಿಟ್ಟರೂ, ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಹಿಂದಕ್ಕೆ ಸರಿಯಲೇಬೇಕು. (ಹೃದಯವು ರಕ್ತವನ್ನು ಚಿಮ್ಮಿಸಿದಾಗಲೆಲ್ಲ ನಮ್ಮ ದೇಹವೂ ಕೂದಲೆಳೆಯಷ್ಟು ಹೀಗೆಯೇ ಅಲುಗುತ್ತದೆ, ಅದನ್ನು ಅಳೆಯುವ ಯಂತ್ರವೂ ಒಂದು ಕಾಲದಲ್ಲಿ ನಮ್ಮ ವೃತ್ತಿಯಲ್ಲಿತ್ತು.) ಆದ್ದರಿಂದ ಫಿರಂಗಿಗೆ ಭಾರವಾದ ಗಾಡಿ, ಎತ್ತುಗಳು, ಗಟ್ಟಿ ನೆಲ ಬೇಕು. ಬಾಣದಲ್ಲಾದರೋ ಹಿಂದಕ್ಕೆ ಹೋಗುವುದು ಉರಿದ ಅನಿಲ, ಮುಂದಕ್ಕೆ ಹೋಗುವುದು ಕೊಳವೆ. ಹಾರಿಸುವವನಿಗೆ ಒದೆತವೇ ಇಲ್ಲ.

ಹೈದರಾಲಿ ಮತ್ತು ಟಿಪ್ಪುವಿನ ಕುಶಲಕರ್ಮಿಗಳ ಹೆಚ್ಚುಗಾರಿಕೆ ಆ ಕೊಳವೆಯಲ್ಲಿತ್ತು. ಕಾಗದದ ಅಥವಾ ಬಿದಿರಿನ ಕೊಳವೆ ಒತ್ತಡಕ್ಕೆ ಸೀಳಿಹೋಗುತ್ತಿತ್ತು. ಬಡಿದು ಸುತ್ತಿದ ಕಬ್ಬಿಣ ತಡೆದುಕೊಂಡಿತು. ಅನಿಲವು ಹೆಚ್ಚು ವೇಗದಿಂದ ಹೊರಬಿತ್ತು, ಬಾಣವು ಹೆಚ್ಚು ದೂರ ಹಾರಿತು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಮೈಸೂರಿನ ಬಾಣಗಳು ಇಂಗ್ಲೆಂಡಿನ ವುಲಿಚ್ ಶಸ್ತ್ರಾಗಾರವನ್ನು ಸೇರಿದವು. ಅಲ್ಲಿ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ಟುಗಳನ್ನು ರೂಪಿಸಿದನು. ಒದೆತವಿಲ್ಲದ್ದರಿಂದ ಸಣ್ಣ ದೋಣಿಗಳಿಂದಲೂ ಹಾರಿಸಬಹುದೆಂಬುದೇ ಅವನ ಮುಖ್ಯ ವಾದವಾಗಿತ್ತು. 1807ರಲ್ಲಿ ಕೋಪನ್‌ಹೇಗನ್ ನಗರವು ಅವುಗಳಿಗೆ ಸಿಕ್ಕಿ ಉರಿಯಿತು.

1845ರ ಮೇ ತಿಂಗಳಲ್ಲಿ ಕರ್ನಲ್ ಹ್ಯೂಮ್ ಎಂಬಾತನು ಬೇ ಆಫ್ ಐಲೆಂಡ್ಸ್‌ನಿಂದ ಒಳನಾಡಿಗೆ ದಂಡೆತ್ತಿ ಹೊರಟನು. ಮಾವೋರಿ ನಾಯಕ ಹೋನೆ ಹೇಕೆಯು ಓಮಾಪೆರೆ ಸರೋವರದ ಬಳಿಯ ಪುಕೆಟುಟುವಿನಲ್ಲಿ (ಆಕ್ಲೆಂಡಿನ ದ್ವೀಪವಲ್ಲ) ಮರದ ಕಂಬಗಳ ಕೋಟೆ ಕಟ್ಟಿದ್ದನು. ದಾರಿ ಕಾಡುದಾರಿ, ಕೆಸರು, ಫಿರಂಗಿಯನ್ನು ಎಳೆದೊಯ್ಯಲಿಲ್ಲ. ಹೆಗಲ ಮೇಲೆ ಒಯ್ಯಬಹುದಾದದ್ದು ರಾಕೆಟ್ಟುಗಳೇ. ಮೇ 8ರಂದು ನೌಕಾದಳದವರು ಅವನ್ನು ಕೋಟೆಯ ಮೇಲೆ ಹಾರಿಸಿದರು. ಕೋಟೆಗೆ ಏನೂ ಆಗಲಿಲ್ಲ. ಅನಿಲವು ತುಸು ಓರೆಯಾಗಿ ಹೊರಬಿದ್ದರೂ ಬಾಣವು ಅತ್ತ ಹೊರಳುತ್ತದೆ. ಕಂಬಗಳನ್ನು ಮುರಿಯಲು ಬೇಕಾದ ಸಂವೇಗವಿರುವುದು ಫಿರಂಗಿಯ ಗುಂಡಿಗೆ. ಕೋಟೆಯ ಹೊರಗೆ ನಡೆದ ಕಾಳಗದಲ್ಲಿ ಎರಡೂ ಕಡೆ ಜನ ಸತ್ತರು. ಹ್ಯೂಮ್ ಹಿಂದಿರುಗಿದನು.

ತಮ್ಮ ನೆಲವನ್ನು ಕಳೆದುಕೊಂಡವರ ವಿದ್ಯೆಯನ್ನು ತಮ್ಮ ನೆಲಕ್ಕಾಗಿ ಹೋರಾಡುತ್ತಿದ್ದವರ ಮೇಲೆ ಪ್ರಯೋಗಿಸಲಾಯಿತು. ರಾಕೆಟ್ಟು ಗುರಿ ತಪ್ಪಿದ್ದು ಓದಿ ನನಗಂತೂ ಸಂತೋಷವಾಯಿತು. ಇತಿಹಾಸವನ್ನು ಬಲ್ಲವರು ನನ್ನ ಈ ಪಕ್ಷಪಾತವನ್ನು ಮನ್ನಿಸಬೇಕು.

2018ರ ಜನವರಿ 21ರಂದು ಇಲ್ಲಿನ ಮಾಹಿಯಾ ಭೂಶಿರದಿಂದ ರಾಕೆಟ್ ಲ್ಯಾಬ್ ಸಂಸ್ಥೆಯ ಎಲೆಕ್ಟ್ರಾನ್ ಕಕ್ಷೆಯನ್ನು ಸೇರಿತು. ಅದೇ ವರ್ಷ ಶಿವಮೊಗ್ಗ ಜಿಲ್ಲೆಯ ನಗರ ಗ್ರಾಮದ ಹಾಳುಬಾವಿಯೊಂದರ ಕೆಸರಿನಿಂದ ಟಿಪ್ಪುವಿನ ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ಬಾಣಗಳನ್ನು ಮೇಲೆತ್ತಿದರು. ಅವು ಯಾರ ಮೇಲೂ ಹಾರಿದವಲ್ಲ.