ಬೆಂಗಳೂರಿನಲ್ಲಿ ಆರಿಸಿದ ರಾಷ್ಟ್ರಪತಿ ಅಭ್ಯರ್ಥಿ

ವಿಜಯಪುರದ ಜೋರಾಪುರ ಪೇಟೆಯ ಮತದಾರರು ರಾಷ್ಟ್ರಪತಿಗೆ ನೇರವಾಗಿ ಮತ ಹಾಕುವುದಿಲ್ಲ. ಅವರು ಆರಿಸಿದ ಶಾಸಕರು ಹಾಕುತ್ತಾರೆ. 1971ರ ಜನಗಣತಿಯ ಲೆಕ್ಕದಂತೆ 2022ರಲ್ಲಿ ಕರ್ನಾಟಕದ ಒಬ್ಬ ಶಾಸಕರ ಮತದ ಮೌಲ್ಯ 131. ಆದರೆ ಅಭ್ಯರ್ಥಿ ಯಾರೆಂಬುದನ್ನು ಗೊತ್ತುಮಾಡುವವರು ಪಕ್ಷದ ವರಿಷ್ಠರು.

ಅಮೆರಿಕದಲ್ಲೂ 1968ರವರೆಗೆ ಹೆಚ್ಚುಕಡಿಮೆ ಹೀಗೆಯೇ ಇತ್ತು. ಆ ವರ್ಷ ಹ್ಯೂಬರ್ಟ್ ಹಂಫ್ರಿ ಒಂದು ಪ್ರಾಥಮಿಕ ಚುನಾವಣೆಗೂ ಇಳಿಯದೆ, ಪಕ್ಷದ ಪ್ರತಿನಿಧಿಗಳ ಬಲದಿಂದಲೇ ಡೆಮಾಕ್ರಟಿಕ್ ಅಭ್ಯರ್ಥಿಯಾದರು. ಆ ಗದ್ದಲದ ನಂತರ ಅಲ್ಲಿ ಆಯ್ಕೆ ಮತದಾರರ ಕೈಗೆ ಬಂತು.

ನಮ್ಮಲ್ಲಿ ವರಿಷ್ಠರ ಆಯ್ಕೆ ಮುಗ್ಗರಿಸಿದ್ದು ಮರುವರ್ಷ. 1969ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕಾಂಗ್ರೆಸ್ ಅಧಿವೇಶನ. ಪಕ್ಷದ ಅಧ್ಯಕ್ಷರು ಕನ್ನಡಿಗರೇ ಆದ ಎಸ್. ನಿಜಲಿಂಗಪ್ಪ. ಸಂಸದೀಯ ಮಂಡಳಿಯ ಬೆರಳೆಣಿಕೆಯ ಸದಸ್ಯರು ಬಹುಮತದಿಂದ ನೀಲಂ ಸಂಜೀವ ರೆಡ್ಡಿಯವರನ್ನು ಆರಿಸಿದರು. ಪ್ರಧಾನಿ ಇಂದಿರಾ ಗಾಂಧಿ ಬಯಸಿದ್ದ ಜಗಜೀವನರಾಮ್ ಅವರ ಹೆಸರು ಬಿದ್ದುಹೋಯಿತು. ಮೊದಲು ರೆಡ್ಡಿಯವರ ಹೆಸರನ್ನು ಸೂಚಿಸಿ ಸಹಿ ಹಾಕಿದ್ದ ಇಂದಿರಾ, ಮತದಾನ ಹತ್ತಿರ ಬಂದಾಗ ಆತ್ಮಸಾಕ್ಷಿಯಂತೆ ಮತ ಹಾಕಿರೆಂದರು. ಆತ್ಮಸಾಕ್ಷಿಗೆ ಒಮ್ಮೆಲೇ ಇಷ್ಟು ಬೆಲೆ ಬಂದದ್ದು ವಿಶೇಷವೇ! ಎರಡನೆಯ ಪ್ರಾಶಸ್ತ್ಯದ ಮತಗಳನ್ನೂ ಎಣಿಸಿದಾಗ ಪಕ್ಷೇತರ ವಿ.ವಿ. ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427. ನವೆಂಬರ್‌ನಲ್ಲಿ ಪಕ್ಷವೇ ಒಡೆಯಿತು.

1977ರಲ್ಲಿ ಅದೇ ರೆಡ್ಡಿಯವರು ಅವಿರೋಧವಾಗಿ ರಾಷ್ಟ್ರಪತಿಯಾದರು. ಅವರಿಗೆ ಸ್ಥಾನ ಬಿಟ್ಟುಕೊಟ್ಟ ಹಂಗಾಮಿ ರಾಷ್ಟ್ರಪತಿ, ಅಂದಿನ ವಿಜಾಪುರ ಜಿಲ್ಲೆಯ ಜಮಖಂಡಿ ತಾಲ್ಲೂಕಿನ ಬಿ.ಡಿ. ಜತ್ತಿ.