ಪಾರ್ಕು ಕಾಯುವ ಕಾನೂನು: ಈಸ್ಟ್ ಬೇ ಉದ್ಯಾನಗಳ ತೊಂಬತ್ತು ವರ್ಷ

ಉದ್ಯಾನವೆಂದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವುದು ಮರಗಳ ನೆರಳು, ಹುಲ್ಲುಹಾಸು, ಮಕ್ಕಳ ಕೇಕೆ. ಆ ನೆರಳಿನ ಹಿಂದೆ ಕಾಯಿದೆಯ ಕಲಮುಗಳೂ ತೆರಿಗೆಯ ಲೆಕ್ಕಗಳೂ ಇರುತ್ತವೆಂಬುದು ಸಾಮಾನ್ಯವಾಗಿ ಯಾರ ಗಮನಕ್ಕೂ ಬರುವುದಿಲ್ಲ. ಕೆರೆಯನ್ನು ಕಟ್ಟಿಸಿದರಷ್ಟೇ ಸಾಲದು, ಅದರ ದುರಸ್ತಿಗೆಂದು ಕಟ್ಟುಕೊಡಗೆಯನ್ನೂ ಬಿಡಬೇಕೆಂಬುದು ನಮ್ಮ ಹಿರಿಯರಿಗೆ ತಿಳಿದಿತ್ತು; ನಮ್ಮ ಶಾಸನಗಳೇ ಇದಕ್ಕೆ ಸಾಕ್ಷಿ. ಅದೇ ವಿವೇಕವನ್ನು ದೂರದ ಕ್ಯಾಲಿಫೋರ್ನಿಯಾದ ಒಂದು ಸಂಸ್ಥೆ ತೊಂಬತ್ತು ವರ್ಷಗಳ ಏಳುಬೀಳುಗಳಲ್ಲಿ ಹೇಗೆ ಕಲಿತುಕೊಂಡಿತೆಂಬುದನ್ನು ಓದುಗ ಮಿತ್ರರ ಮುಂದಿಡುವುದು ಈ ಬರಹದ ಉದ್ದೇಶ.

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವ ದಡದಲ್ಲಿ ಅಲಮೇಡ ಮತ್ತು ಕಾಂಟ್ರಾ ಕೋಸ್ಟಾ ಎಂಬ ಎರಡು ಕೌಂಟಿಗಳಿವೆ. ಓಕ್‌ಲ್ಯಾಂಡ್, ಬರ್ಕ್ಲಿ, ಫ್ರೀಮಾಂಟ್ ನಗರಗಳು ಇರುವುದು ಇಲ್ಲಿಯೇ. ನಮ್ಮ ನಾಡಿನ ಅನೇಕ ಕುಟುಂಬಗಳು ಫ್ರೀಮಾಂಟ್, ಡಬ್ಲಿನ್, ಪ್ಲೆಸಂಟನ್ ಊರುಗಳಲ್ಲಿ ನೆಲೆಸಿವೆ. ರಜಾದಿನಗಳಲ್ಲಿ ಮಿಷನ್ ಪೀಕ್ ಬೆಟ್ಟವೇರಿ ಅದರ ತುದಿಯ ಕಂಬದ ಬಳಿ ನಿಂತು ತೆಗೆಸಿಕೊಂಡ ಚಿತ್ರಗಳನ್ನು ಅವರು ಊರಿಗೆ ಕಳುಹಿಸುವುದುಂಟು. ಆ ಬೆಟ್ಟದ ಉದ್ಯಾನವನ್ನು ನೋಡಿಕೊಳ್ಳುತ್ತಿರುವುದು ನಗರಸಭೆಯೂ ಅಲ್ಲ, ರಾಜ್ಯ ಸರ್ಕಾರವೂ ಅಲ್ಲ. ಅದರ ಹೊಣೆ ‘ಈಸ್ಟ್ ಬೇ ರೀಜನಲ್ ಪಾರ್ಕ್ ಡಿಸ್ಟ್ರಿಕ್ಟ್’ ಎಂಬ ಸ್ವತಂತ್ರ ಸಂಸ್ಥೆಯದು. ಇಲ್ಲಿ ಡಿಸ್ಟ್ರಿಕ್ಟ್ ಎಂದರೆ ನಮ್ಮ ಜಿಲ್ಲಾಧಿಕಾರಿಗಳು ಆಳುವ ಜಿಲ್ಲೆಯೆಂದು ತಿಳಿಯಬಾರದು. ಒಂದೇ ಒಂದು ಕಾರ್ಯಕ್ಕಾಗಿ ಕಾನೂನಿನ ಮೂಲಕ ರಚಿತವಾಗಿ, ತನ್ನದೇ ಆದ ತೆರಿಗೆಯ ಪಾಲನ್ನು ಪಡೆಯುವ ಸ್ಥಳೀಯ ಆಡಳಿತ ಘಟಕವದು. ಬೇರೆ ಬೇರೆ ವಾರ್ಡುಗಳಿಂದ ಮತದಾರರೇ ಆರಿಸಿದ ಏಳು ಮಂದಿ ನಿರ್ದೇಶಕರು ಅದನ್ನು ನಡೆಸುತ್ತಾರೆ. ಎಪ್ಪತ್ತಕ್ಕೂ ಮೀರಿದ ಉದ್ಯಾನಗಳು, ಸುಮಾರು 1,25,000 ಎಕರೆ ಭೂಮಿ ಅದರ ಸುಪರ್ದಿನಲ್ಲಿವೆ.

ಈ ಸಂಸ್ಥೆಯ ಹುಟ್ಟಿಗೆ ಕಾರಣವಾದದ್ದು ನೀರು. ಈಸ್ಟ್ ಬೇ ನಗರಗಳಿಗೆ ನೀರು ಒದಗಿಸಲು 1923ರಲ್ಲಿ ಒಂದು ಜಲಸಂಸ್ಥೆ ಸ್ಥಾಪನೆಯಾಯಿತು. 1929ರಲ್ಲಿ ಸಿಯೆರಾ ಪರ್ವತಗಳ ಮೊಕೆಲಮ್ನಿ ನದಿಯಿಂದ ನೀರು ಹರಿದು ಬಂದ ಮೇಲೆ, ನಗರದ ಹಿಂಬದಿಯ ಬೆಟ್ಟಗಳಲ್ಲಿ ಜಲಾನಯನಕ್ಕೆಂದು ಕಾದಿರಿಸಿದ್ದ ಸುಮಾರು 10,000 ಎಕರೆ ಭೂಮಿ ಹೆಚ್ಚುವರಿ ಎನಿಸಿತು. ಅದನ್ನು ಮಾರಿದರೆ ಬೆಟ್ಟಗಳೆಲ್ಲ ನಿವೇಶನಗಳಾಗುವುದು ಖಚಿತವಿತ್ತು. ರಾಬರ್ಟ್ ಸಿಬ್ಲಿ ಮೊದಲಾದ ಚಾರಣಪ್ರಿಯ ನಾಗರಿಕರು ಆ ಭೂಮಿಯನ್ನು ಉಳಿಸಬೇಕೆಂದು ಪಟ್ಟು ಹಿಡಿದರು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ರೂಪಿಸಿದ ಓಮ್‌ಸ್ಟೆಡ್ ಅವರ ಮಕ್ಕಳ ಸಂಸ್ಥೆಯೂ, ರಾಷ್ಟ್ರೀಯ ಉದ್ಯಾನ ಸೇವೆಯ ಆನ್ಸೆಲ್ ಹಾಲ್ ಅವರೂ ಸೇರಿ 1930ರಲ್ಲಿ ಒಂದು ವರದಿಯನ್ನು ಸಿದ್ಧಪಡಿಸಿದರು. ಆದರೆ ಉದ್ಯಾನ ನಡೆಸುವ ಕೆಲಸವನ್ನು ಕೈಗೆತ್ತಿಕೊಳ್ಳಲು ಜಲಸಂಸ್ಥೆ ಒಪ್ಪಲಿಲ್ಲ. ಹಲವು ನಗರಗಳಿಗೆ ಸೇರಿದ ಒಂದು ಉದ್ಯಾನ ಸಂಸ್ಥೆಯನ್ನು ಕಟ್ಟಲು ಅಂದಿನ ಕ್ಯಾಲಿಫೋರ್ನಿಯಾದಲ್ಲಿ ಕಾನೂನೇ ಇರಲಿಲ್ಲ.

ಹಾಗಾಗಿ ಆ ನಾಗರಿಕರು ಮೊದಲು ಹೋದದ್ದು ರಾಜ್ಯದ ರಾಜಧಾನಿಯಾದ ಸ್ಯಾಕ್ರಮೆಂಟೊಗೆ. 1933ರಲ್ಲಿ ಶಾಸನಸಭೆ ಅಂಥದೊಂದು ಕಾಯಿದೆಯನ್ನು ಅಂಗೀಕರಿಸಿತು. ರಾಜ್ಯಪಾಲ ಜೇಮ್ಸ್ ರಾಲ್ಫ್ ಅದಕ್ಕೆ ಸಹಿ ಹಾಕಿದರು. ಮರುವರ್ಷ, 1934ರ ನವೆಂಬರ್ 6ರಂದು, ವಿಷಯ ಮತದಾರರ ಮುಂದೆ ಬಂತು. ಅದು ಮಹಾ ಆರ್ಥಿಕ ಕುಸಿತದ ಕಾಲ. ಗಂಜಿಕೇಂದ್ರಗಳ ಮುಂದೆ ಜನ ಸಾಲುಗಟ್ಟಿ ನಿಲ್ಲುತ್ತಿದ್ದ ಆ ದಿನಗಳಲ್ಲಿ, ಪ್ರತಿ ನೂರು ಡಾಲರ್ ಆಸ್ತಿಮೌಲ್ಯಕ್ಕೆ ಐದು ಸೆಂಟಿನಂತೆ ಹೊಸ ತೆರಿಗೆಯನ್ನು ಕೊಡುವಿರಾ ಎಂಬ ಪ್ರಶ್ನೆಗೆ ಶೇ. 71ರಷ್ಟು ಮಂದಿ ‘ಕೊಡುತ್ತೇವೆ’ ಎಂದರು. ಮೂರು ಸಾವಿರ ಡಾಲರ್ ಮೌಲ್ಯ ಕಟ್ಟಲಾದ ಮನೆಯ ಯಜಮಾನನಿಗೆ ಇದರಿಂದ ವರ್ಷಕ್ಕೆ ಒಂದೂವರೆ ಡಾಲರಿನ ಹೊರೆ. ಬಡತನದ ನಡುವೆ ಜನ ತಾವಾಗಿಯೇ ಹೊತ್ತುಕೊಂಡ ಹೊರೆಯೆಂಬುದೇ ಇಲ್ಲಿ ಗಮನಾರ್ಹ. 1936ರಲ್ಲಿ ಜಲಸಂಸ್ಥೆಯಿಂದ ಎರಡು ಸಾವಿರಕ್ಕೂ ಹೆಚ್ಚು ಎಕರೆ ಕೊಂಡು ಮೊದಲ ಮೂರು ಉದ್ಯಾನಗಳನ್ನು ತೆರೆಯಲಾಯಿತು. ಅಧ್ಯಕ್ಷ ರೂಸ್‌ವೆಲ್ಟ್ ಅವರ ಉದ್ಯೋಗ ಯೋಜನೆಗಳ ಯುವಕರು ದಾರಿಗಳನ್ನೂ ಕಲ್ಲಿನ ಕಟ್ಟಡಗಳನ್ನೂ ನಿರ್ಮಿಸಿಕೊಟ್ಟರು. ಅಂದರೆ ರಾಜ್ಯದ ಕಾನೂನು, ಸ್ಥಳೀಯರ ತೆರಿಗೆ, ಒಕ್ಕೂಟ ಸರ್ಕಾರದ ಹಣ ಎಂಬ ಮೂರೂ ಕಾಲುಗಳ ಮೇಲೆ ಈ ಸಂಸ್ಥೆ ಆರಂಭದಿಂದಲೇ ನಿಂತಿತ್ತು.

1962ರಲ್ಲಿ ವಿಲಿಯಂ ಪೆನ್ ಮಾಟ್ ಎಂಬ ದಕ್ಷರು ಇದರ ಮುಖ್ಯ ವ್ಯವಸ್ಥಾಪಕರಾದರು. ಮೊದಲಿಗೆ ದೂರವೇ ಉಳಿದಿದ್ದ ಕಾಂಟ್ರಾ ಕೋಸ್ಟಾ ಕೌಂಟಿಯ ಬಹುಭಾಗ 1964ರಲ್ಲಿ ಸೇರಿಕೊಂಡಿತು. 1967ರಲ್ಲಿ ರಾಜ್ಯಪಾಲ ರೊನಾಲ್ಡ್ ರೇಗನ್ ಅವರು ಮಾಟ್ ಅವರನ್ನು ಇಡೀ ರಾಜ್ಯದ ಉದ್ಯಾನ ಇಲಾಖೆಯ ನಿರ್ದೇಶಕರನ್ನಾಗಿ ನೇಮಿಸಿದರು. ಅಲ್ಲಿರುವಾಗ ನಡೆದ ಒಂದು ಪ್ರಕರಣ ಅಲ್ಲಿನ ಸಾರ್ವಜನಿಕ ಸಂಸ್ಥೆಗಳಿಗೆಲ್ಲ ಇಂದಿಗೂ ಪಾಠವಾಗಿದೆ. 1974ರ ಜೂನ್‌ನಲ್ಲಿ ಉದ್ಯಾನಗಳಿಗಾಗಿ 25 ಕೋಟಿ ಡಾಲರ್ ಸಾಲಪತ್ರ ಹೊರಡಿಸುವ ಪ್ರಸ್ತಾವ ಮತಕ್ಕೆ ಬಂದಿತ್ತು. ಅದು ಗೆಲ್ಲಲೆಂದು ಇಲಾಖೆಯು ಸರ್ಕಾರದ ಹಣವನ್ನೇ ಪ್ರಚಾರಕ್ಕೆ ಬಳಸಿತೆಂದು ಒಬ್ಬ ತೆರಿಗೆದಾರರು ಮಾಟ್ ಅವರ ಮೇಲೆ ದಾವೆ ಹೂಡಿದರು. 1976ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಕೊಟ್ಟ ತೀರ್ಪು ಸ್ಪಷ್ಟವಾಗಿತ್ತು: ಸಾರ್ವಜನಿಕ ಸಂಸ್ಥೆ ಮತದಾರರಿಗೆ ನಿಷ್ಪಕ್ಷವಾದ ಮಾಹಿತಿ ಕೊಡಬಹುದು, ಆದರೆ ಜನರ ಹಣದಿಂದಲೇ ಜನರ ಮತವನ್ನು ಒಲಿಸಿಕೊಳ್ಳಲು ಹೊರಡಬಾರದು. ಇದರಲ್ಲಿ ಎಚ್ಚರ ತಪ್ಪಿದ ಅಧಿಕಾರಿ ಸ್ವಂತ ಹಣದಿಂದ ಭರಿಸಬೇಕಾದೀತೆಂದೂ ನ್ಯಾಯಾಲಯ ಹೇಳಿತು. ಉದ್ದೇಶ ಒಳ್ಳೆಯದಾಗಿದ್ದರೂ ದಾರಿ ಸರಿಯಾಗಿರಬೇಕೆಂಬ ಈ ಗೆರೆಯನ್ನು ಅಂದಿನಿಂದ ಪಾರ್ಕ್ ಡಿಸ್ಟ್ರಿಕ್ಟ್ ಸಹ ಪಾಲಿಸಲೇಬೇಕಾಯಿತು.

ಎರಡೇ ವರ್ಷಗಳಲ್ಲಿ ದೊಡ್ಡ ಆಘಾತವೊಂದು ಬಂತು. 1978ರ ಜೂನ್ 6ರಂದು ಕ್ಯಾಲಿಫೋರ್ನಿಯಾದ ಮತದಾರರು ‘ಪ್ರಾಪೊಸಿಷನ್ 13’ ಎಂಬ ಸಂವಿಧಾನ ತಿದ್ದುಪಡಿಯನ್ನು ಅಂಗೀಕರಿಸಿದರು. ಆಸ್ತಿ ತೆರಿಗೆ ಮೌಲ್ಯದ ಶೇ. 1ನ್ನು ಮೀರಕೂಡದು, ತೆರಿಗೆಗೆ ಆಧಾರವಾದ ಮೌಲ್ಯವನ್ನು ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರಿಸಕೂಡದು. ಸ್ಥಳೀಯ ಸಂಸ್ಥೆಗಳು ವಿಶೇಷ ತೆರಿಗೆ ಹಾಕಬೇಕಾದರೆ ಮತದಾರರಲ್ಲಿ ಮೂರನೇ ಎರಡರಷ್ಟು ಮಂದಿ ಒಪ್ಪಬೇಕು. ಏರುತ್ತಿದ್ದ ತೆರಿಗೆಯಿಂದ ಮನೆ ಕಳೆದುಕೊಳ್ಳುವ ಭಯದಲ್ಲಿದ್ದ ವೃದ್ಧ ದಂಪತಿಗಳಿಗೆ ಅದು ನೆಮ್ಮದಿ ತಂದಿತು. ಆ ಭಯ ಸುಳ್ಳಾಗಿರಲಿಲ್ಲ. ಆದರೆ ತನ್ನ ತೆರಿಗೆಯ ದರವನ್ನು ತಾನೇ ಗೊತ್ತುಪಡಿಸುತ್ತಿದ್ದ ಪಾರ್ಕ್ ಡಿಸ್ಟ್ರಿಕ್ಟ್ ಅಂದಿನಿಂದ ಆ ಶೇ. 1ರ ಮಡಕೆಯಲ್ಲಿ ಶಾಲೆ, ಕೌಂಟಿ, ನಗರಗಳೊಡನೆ ಪಾಲು ಹಂಚಿಕೊಳ್ಳಬೇಕಾಯಿತು. ಯಾರಿಗೆ ಎಷ್ಟು ಪಾಲೆಂಬುದನ್ನು 1979ರ ಒಂದು ರಾಜ್ಯ ಕಾನೂನು ಗೊತ್ತುಪಡಿಸಿತು. ಅಲ್ಲಿಂದ ಮುಂದೆ ಸ್ಯಾಕ್ರಮೆಂಟೊದಲ್ಲಿ ಏನು ನಡೆಯುತ್ತಿದೆಯೆಂದು ಕಣ್ಣಿಟ್ಟಿರುವುದು ಬೆಟ್ಟದಲ್ಲಿ ಕಾಳ್ಗಿಚ್ಚಿಗೆ ಕಣ್ಣಿಟ್ಟಿರುವಷ್ಟೇ ಅನಿವಾರ್ಯವಾಯಿತು.

ಈ ಮಾತು ಅತಿಶಯೋಕ್ತಿಯಲ್ಲ. 1992 ಮತ್ತು 1993ರಲ್ಲಿ ತನ್ನ ಆಯವ್ಯಯದ ಕೊರತೆ ತುಂಬಿಸಿಕೊಳ್ಳಲು ರಾಜ್ಯ ಸರ್ಕಾರ ಸ್ಥಳೀಯ ಸಂಸ್ಥೆಗಳ ಆಸ್ತಿ ತೆರಿಗೆಯ ಒಂದು ಭಾಗವನ್ನು ಶಾಲಾ ನಿಧಿಗೆ ತಿರುಗಿಸಿತು. ಇಂಥ ಪಲ್ಲಟಕ್ಕೆ ಕಡಿವಾಣ ಹಾಕಲೆಂದು 2004ರಲ್ಲಿ ಮತದಾರರು ಒಂದು ತಿದ್ದುಪಡಿಯನ್ನು ಒಪ್ಪಿದರು. ಆದರೆ ಅದರಲ್ಲಿಯೂ ‘ಸಾಲವಾಗಿ ಪಡೆಯಬಹುದು’ ಎಂಬ ಸಂದಿ ಉಳಿದಿತ್ತು. 2009ರ ಆರ್ಥಿಕ ಮುಗ್ಗಟ್ಟಿನಲ್ಲಿ ರಾಜ್ಯ ಅದನ್ನು ಬಳಸಿ ಸ್ಥಳೀಯ ಸಂಸ್ಥೆಗಳ ಆಸ್ತಿ ತೆರಿಗೆಯ ಶೇ. 8ರಷ್ಟನ್ನು ಎರವಲು ಪಡೆಯಿತು. 2010ರಲ್ಲಿ ಮತದಾರರು ‘ಪ್ರಾಪೊಸಿಷನ್ 22’ರ ಮೂಲಕ ಆ ಸಂದಿಯನ್ನೂ ಮುಚ್ಚಿದರು. ಒಂದು ವಾಕ್ಯದಲ್ಲಿ ಉಳಿದ ಬಿರುಕಿನಿಂದ ಎಷ್ಟು ಹಣ ಹರಿದು ಹೋಗಬಹುದೆಂಬುದಕ್ಕೆ ಇದೊಂದು ನಿದರ್ಶನ.

ಆದಾಯಕ್ಕೆ ಹೀಗೆ ಮಿತಿ ಬಿದ್ದ ಮೇಲೆ ಸಂಸ್ಥೆ ಮಾಡಿದ್ದೇನು? ನೇರವಾಗಿ ಜನರ ಬಳಿಗೆ ಹೋಯಿತು. 1986ರ ಇನ್ನೊಂದು ತಿದ್ದುಪಡಿ ಸ್ಥಳೀಯ ಸಂಸ್ಥೆಗಳಿಗೆ ಮೂರನೇ ಎರಡರ ಬಹುಮತವಿದ್ದರೆ ಸಾಲಪತ್ರ ಹೊರಡಿಸುವ ಅಧಿಕಾರವನ್ನು ಮರಳಿ ಕೊಟ್ಟಿತ್ತು. ಅದನ್ನು ಬಳಸಿಕೊಂಡು 1988ರಲ್ಲಿ ‘ಮೆಷರ್ ಎಎ’ ಎಂಬ 22.5 ಕೋಟಿ ಡಾಲರ್ ಪ್ರಸ್ತಾವವನ್ನು ಮತಕ್ಕಿಟ್ಟು ಗೆದ್ದಿತು. ಅದರ ನಾಲ್ಕನೇ ಒಂದು ಭಾಗವನ್ನು ನಗರಗಳ ಸಣ್ಣ ಪಾರ್ಕುಗಳಿಗೇ ಹಂಚುವುದೆಂದು ಮೊದಲೇ ಬರೆಯಲಾಗಿತ್ತು. ದೂರದ ಬೆಟ್ಟವನ್ನೆಂದೂ ಹತ್ತದ ಮತದಾರನಿಗೂ ತನ್ನ ಬೀದಿಯ ಆಟದ ಬಯಲು ಕಾಣಬೇಕಷ್ಟೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಇಂಥ ಸಾಲಪತ್ರದ ಹಣದಿಂದ ಭೂಮಿ ಕೊಳ್ಳಬಹುದು, ಕಟ್ಟಡ ಕಟ್ಟಬಹುದು. ಕಾವಲುಗಾರನಿಗೆ ಸಂಬಳ ಕೊಡುವಂತಿಲ್ಲ, ಒಣಹುಲ್ಲು ಕೊಯ್ಯಿಸುವಂತಿಲ್ಲ. 1991ರ ಅಕ್ಟೋಬರ್‌ನಲ್ಲಿ ಓಕ್‌ಲ್ಯಾಂಡ್ ಬೆಟ್ಟಗಳಿಗೆ ಬಿದ್ದ ಬೆಂಕಿಯಲ್ಲಿ 25 ಜನ ಮಡಿದಿದ್ದರು. ಕೊಂಡ ಕಾಡನ್ನು ನೋಡಿಕೊಳ್ಳದಿದ್ದರೆ ಏನಾದೀತೆಂಬುದನ್ನು ಅಲ್ಲಿಯ ಜನರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಿರ್ವಹಣೆಗೆ ಬೇರೆಯೇ ಹಣ ಬೇಕು. ಮೇಲೆ ಹೇಳಿದ ಕಟ್ಟುಕೊಡಗೆಯೆಂದರೆ ಅದೇ. ಆ ಕೊರತೆಯನ್ನು ತುಂಬಲು 2004ರಲ್ಲಿ ‘ಮೆಷರ್ ಸಿಸಿ’ ಬಂತು. ಓಕ್‌ಲ್ಯಾಂಡಿನಿಂದ ರಿಚ್ಮಂಡ್‌ವರೆಗಿನ ಹಳೆಯ ನಗರಗಳಲ್ಲಿ ಒಂದು ಮನೆಗೆ ವರ್ಷಕ್ಕೆ 12 ಡಾಲರ್, ಅಂದರೆ ತಿಂಗಳಿಗೆ ಒಂದು ಡಾಲರ್, ಹದಿನೈದು ವರ್ಷಗಳ ಅವಧಿಗೆ.

2008ರ ನವೆಂಬರ್ 4ರಂದು 50 ಕೋಟಿ ಡಾಲರಿನ ‘ಮೆಷರ್ ಡಬ್ಲ್ಯುಡಬ್ಲ್ಯು’ ಮತಕ್ಕೆ ಬಂದಾಗ ಬ್ಯಾಂಕುಗಳು ಕುಸಿಯುತ್ತಿದ್ದವು, ಜನ ಮನೆಗಳನ್ನು ಕಳೆದುಕೊಳ್ಳುತ್ತಿದ್ದರು. ಲಕ್ಷ ಡಾಲರ್ ಮೌಲ್ಯಕ್ಕೆ ವರ್ಷಕ್ಕೆ ಹತ್ತು ಡಾಲರನ್ನು ಮೀರದಂತೆ ತೆರಿಗೆ ಇರುವುದೆಂದು ಸಂಸ್ಥೆ ಮಾತು ಕೊಟ್ಟಿತ್ತು. ಐದು ಲಕ್ಷ ಡಾಲರಿನ ಮನೆಗೆ ಹೆಚ್ಚೆಂದರೆ ಐವತ್ತು ಡಾಲರ್. ಶೇ. 70ಕ್ಕೂ ಹೆಚ್ಚು ಮಂದಿ ಒಪ್ಪಿದರು. 1934ರಲ್ಲಿ ತಾತಂದಿರು ನೀಡಿದ ಉತ್ತರವನ್ನೇ ಮೊಮ್ಮಕ್ಕಳೂ ನೀಡಿದರು. 2018ರ ನವೆಂಬರ್‌ನಲ್ಲಿ ‘ಮೆಷರ್ ಎಫ್ಎಫ್’ ಹಳೆಯ 12 ಡಾಲರ್ ತೆರಿಗೆಯನ್ನು ಮತ್ತೆ ಇಪ್ಪತ್ತು ವರ್ಷಗಳಿಗೆ ಮುಂದುವರಿಸಿತು.

ಜನರ ಮುಂದೆ ಹೋಗುವುದು ಹಲವು ವರ್ಷಗಳಿಗೊಮ್ಮೆ. ಶಾಸನಸಭೆಯ ಕಡೆಗೆ ನೋಡುತ್ತಿರುವುದು ಮಾತ್ರ ನಿತ್ಯದ ಕೆಲಸ. ಸ್ಯಾಕ್ರಮೆಂಟೊದಲ್ಲಿ ಒಂದೊಂದು ವರ್ಷವೂ ಎರಡು ಸಾವಿರದಷ್ಟು ಮಸೂದೆಗಳು ಮಂಡನೆಯಾಗುತ್ತವೆ. ಅವುಗಳಲ್ಲಿ ಉದ್ಯಾನಗಳಿಗೆ ತಾಗುವಂಥವನ್ನು ಆರಿಸುವುದೇ ಮೊದಲ ಶ್ರಮ. ಕಾಳ್ಗಿಚ್ಚಿನ ನಿಧಿ, ಕಡಲತೀರದ ರಕ್ಷಣೆ, ಸೈಕಲ್ ದಾರಿ, ನೌಕರರ ಪಿಂಚಣಿ ಹೀಗೆ ಹೆಸರಿನಲ್ಲಿ ಪಾರ್ಕೆಂಬ ಪದವೇ ಇಲ್ಲದ ಮಸೂದೆಯೂ ಪಾರ್ಕಿಗೆ ತಾಗಬಹುದು. ನಿರ್ದೇಶಕರದೇ ಒಂದು ಶಾಸನ ಸಮಿತಿ ಇವುಗಳನ್ನು ಓದಿ, ಬೆಂಬಲಿಸಬೇಕೆ, ವಿರೋಧಿಸಬೇಕೆ, ಕಾದು ನೋಡಬೇಕೆ ಎಂದು ಪೂರ್ಣ ಮಂಡಳಿಗೆ ಶಿಫಾರಸು ಮಾಡುತ್ತದೆ. 1953ರ ಬ್ರೌನ್ ಕಾಯಿದೆಯ ಪ್ರಕಾರ ಇಂಥ ಸಭೆಗಳ ಕಾರ್ಯಸೂಚಿಯನ್ನು ಮುಂಚಿತವಾಗಿ ಪ್ರಕಟಿಸಿ, ಬಾಗಿಲು ತೆರೆದಿಟ್ಟೇ ನಡೆಸಬೇಕು. ಯಾರು ಬೇಕಾದರೂ ಬಂದು ಕುಳಿತು ಕೇಳಬಹುದು, ಎದ್ದು ಮಾತನಾಡಬಹುದು.

ಈ ನಿತ್ಯದ ಓದಿಗೆ ಫಲವೂ ಉಂಟು. ರಾಜ್ಯದ ಸಾಲಪತ್ರಗಳಿಗೆ ಮತದಾರರ ಸರಳ ಬಹುಮತ ಸಾಕು. 2018ರ ಜೂನ್‌ನಲ್ಲಿ 410 ಕೋಟಿ ಡಾಲರಿನ ‘ಪ್ರಾಪೊಸಿಷನ್ 68’, 2024ರ ನವೆಂಬರ್‌ನಲ್ಲಿ ಸಾವಿರ ಕೋಟಿ ಡಾಲರಿನ ‘ಪ್ರಾಪೊಸಿಷನ್ 4’ ಹೀಗೆಯೇ ಗೆದ್ದವು. ಆದರೆ ಆ ಹಣವನ್ನು ಯಾವ ಬಾಬಿಗೆ, ಯಾವ ಷರತ್ತಿನ ಮೇಲೆ ಹಂಚುವುದೆಂಬುದು ಮಸೂದೆ ಶಾಸನಸಭೆಯಲ್ಲಿರುವಾಗಲೇ ತೀರ್ಮಾನವಾಗಿರುತ್ತದೆ. ಮತದಾನ ಮುಗಿದ ಮೇಲೆ ಎಚ್ಚೆತ್ತವನಿಗೆ ಬೇಡಿಕೆ ಸಲ್ಲಿಸುವುದಷ್ಟೇ ಉಳಿಯುತ್ತದೆ. ಒಕ್ಕೂಟ ಮಟ್ಟದಲ್ಲಿಯೂ ಹಾಗೆಯೇ. 1964ರ ಭೂಮಿ ಮತ್ತು ಜಲ ಸಂರಕ್ಷಣಾ ನಿಧಿಗೆ ವರ್ಷಕ್ಕೆ 90 ಕೋಟಿ ಡಾಲರನ್ನು ಖಾಯಂ ಆಗಿ ಒದಗಿಸುವ ಕಾನೂನು ಆದದ್ದು 2020ರಲ್ಲಿ. ಅದಕ್ಕಾಗಿ ದೇಶದ ಉದ್ಯಾನ ಸಂಸ್ಥೆಗಳು ದಶಕಗಳ ಕಾಲ ವಾಷಿಂಗ್ಟನ್ನಿನ ಬಾಗಿಲು ತಟ್ಟಬೇಕಾಯಿತು.

ಇದರಲ್ಲಿ ಪ್ರಶ್ನೆಗಳಿಲ್ಲವೆಂದಲ್ಲ. ನೂರಕ್ಕೆ ಅರವತ್ತೈದು ಮಂದಿ ಬೇಕೆಂದರೂ ಮೂವತ್ತೈದು ಮಂದಿ ತಡೆಯಬಲ್ಲ ಮೂರನೇ ಎರಡರ ನಿಯಮ ನ್ಯಾಯವೇ ಎಂದು ಕೇಳುವವರಿದ್ದಾರೆ. ಸ್ಥಳೀಯ ವಸತಿ ಮತ್ತು ಮೂಲಸೌಕರ್ಯ ಸಾಲಪತ್ರಗಳಿಗೆ ಅದನ್ನು ಶೇ. 55ಕ್ಕೆ ಇಳಿಸುವ ಪ್ರಸ್ತಾವವನ್ನು 2024ರಲ್ಲಿ ಮತದಾರರೇ ತಿರಸ್ಕರಿಸಿದರು. ಗುಡಿಸಲಿಗೂ ಬಂಗಲೆಗೂ ಒಂದೇ 12 ಡಾಲರ್ ಸರಿಯೇ ಎಂಬ ಪ್ರಶ್ನೆಯೂ ಉಳಿದಿದೆ. ಆದರೂ ಈ ಕಠಿಣ ನಿಯಮದಿಂದ ಒಂದು ಉಪಕಾರವಾಗಿದೆಯೆಂದು ನನ್ನ ಭಾವನೆ. ಸಂಸ್ಥೆ ತನ್ನ ಲೆಕ್ಕವನ್ನು ಜನರ ಮುಂದಿಡದೆ ಬೇರೆ ಗತಿಯಿಲ್ಲ. ಯಾವ ಉದ್ಯಾನಕ್ಕೆ ಎಷ್ಟು ಎಂಬ ಪಟ್ಟಿಯನ್ನು ಮತಕ್ಕೆ ಮುನ್ನವೇ ಕೊಡದೆ ಮೂರನೇ ಎರಡು ಭಾಗ ಜನ ಒಪ್ಪುವುದಿಲ್ಲ.

ಫ್ರೀಮಾಂಟಿನ ಕನ್ನಡಿಗನೊಬ್ಬ ವರ್ಷಕ್ಕೊಮ್ಮೆ ಬರುವ ಆಸ್ತಿ ತೆರಿಗೆಯ ಚೀಟಿಯನ್ನು ಬಿಡಿಸಿ ನೋಡಿದರೆ ಅದರ ಸಾಲುಗಳಲ್ಲಿ ಈ ಸಂಸ್ಥೆಯ ಹೆಸರು ಕಂಡೀತು. ಬೆಟ್ಟದ ಮೇಲೆ ನಿಂತಾಗ ಅದು ನೆನಪಿಗೆ ಬರಲಿಕ್ಕಿಲ್ಲ. ಮೆಷರ್ ಎಫ್ಎಫ್‌ನ ಅವಧಿಯೂ ಒಂದು ದಿನ ಮುಗಿಯುತ್ತದೆ. ಆಗ ಕೈಯಲ್ಲಿ ಲೆಕ್ಕದ ಪುಸ್ತಕ ಹಿಡಿದು ಪಾರ್ಕ್ ಡಿಸ್ಟ್ರಿಕ್ಟ್ ಮತ್ತೊಮ್ಮೆ ಜನರ ಮುಂದೆ ನಿಲ್ಲಬೇಕಾಗುತ್ತದೆ.