ಚೀಟಿ ಪರದೆ, ಕೆಂಪು ನೆಲ: ಬೆಂಗಳೂರಿನ ಕಾಟೇಜ್ ಹಜಾರ ನಡೆದು ಬಂದ ದಾರಿ

ಯಲಹಂಕದ ಕಡೆಯಿಂದ ಬನ್ನಿ, ತುಮಕೂರು ರಸ್ತೆಯ ಎಂಟನೇ ಮೈಲಿಯಿಂದ ಬನ್ನಿ, ಹೆಸರಘಟ್ಟ ಹತ್ತಿರವಾಗುತ್ತಿದ್ದಂತೆ ತೋಟಗಳ ನಡುವೆ ಎದ್ದ ಹೊಸ ಮನೆಗಳು ಕಾಣಿಸುತ್ತವೆ. ಕಟ್ಟಿಸಿದವರಲ್ಲಿ ಕೆಲವರಿಗೆ ತಳಪಾಯ ತೋಡುವ ಮೊದಲೇ ಒಂದು ಚಿತ್ರ ಮನಸ್ಸಿನಲ್ಲಿರುತ್ತದೆ. ಹಾಲ್ ಇಂಗ್ಲಿಷ್ ಕಾಟೇಜಿನ ಹಾಗಿರಬೇಕು: ಹೂಬಳ್ಳಿ ಅಚ್ಚಿನ ಸೋಫಾ, ಬಿಳಿ ಬಣ್ಣ ಬಳಿದ ಮರದ ಕಪಾಟು, ಕಿಟಕಿಗೆ ಲೇಸು, ಗೋಡೆಯಲ್ಲೊಂದು ಅಗ್ಗಿಷ್ಟಿಕೆ. ಈ ಆಸೆಯನ್ನು ನಾನು ಹಗುರವಾಗಿ ಕಾಣಲಾರೆ. ವಾರವೆಲ್ಲ ನಗರದಲ್ಲಿ ದಣಿದವರಿಗೆ ಕಾಲು ಮಡಚಿ ಕೂತು ಮಳೆಯ ಸದ್ದು ಕೇಳಲು ಬೆಚ್ಚಗಿನ ಒಂದು ಕೋಣೆ ಬೇಕು. ಆದರೆ ಆ ಕೋಣೆ ನಮ್ಮೂರಿಗೆ ಹೊಸತೇನಲ್ಲ. ಇನ್ನೂರು ವರ್ಷಗಳಿಂದ ಅದು ಇಲ್ಲಿ ಕೈ ಬದಲಾಯಿಸುತ್ತ, ರೂಪ ಬದಲಾಯಿಸುತ್ತ ಬಂದಿದೆ.

ಮೊದಲು ಆ ಹೂಬಳ್ಳಿಯ ಬಟ್ಟೆಯನ್ನೇ ನೋಡೋಣ. ಇಂಗ್ಲಿಷರು ಅದನ್ನು ಚಿಂಟ್ಜ್ ಎನ್ನುತ್ತಾರೆ. ನಮ್ಮ ಅಜ್ಜಿಯರು ಚೀಟಿ ಬಟ್ಟೆ ಎಂದರು, ಚೀಟಿ ಲಂಗ ಹೊಲಿಸಿದರು. ಎರಡೂ ಒಂದೇ ಬಳ್ಳಿಯ ಮಾತುಗಳು. ಹದಿನೇಳನೆಯ ಶತಮಾನದಲ್ಲಿ ಕೋರಮಂಡಲ ತೀರದ ಬಣ್ಣಗಾರರು ಬರೆದ, ಅಚ್ಚೊತ್ತಿದ ಹತ್ತಿಬಟ್ಟೆ ಹಡಗೇರಿ ಹೋಗಿ ಇಂಗ್ಲೆಂಡಿನ ಹಾಸಿಗೆ, ಪರದೆಗಳಾಯಿತು. ಹತ್ತಿಬಟ್ಟೆಯ ಮೇಲೆ ಒಗೆದರೂ ಬಿಡದ ಇಂಥ ಬಣ್ಣವನ್ನು ಅಲ್ಲಿಯವರು ಅದುವರೆಗೆ ಕಂಡಿರಲಿಲ್ಲ. ಅಲ್ಲಿನ ಉಣ್ಣೆ, ರೇಷ್ಮೆ ನೇಕಾರರು ತಮ್ಮ ಹೊಟ್ಟೆಪಾಡಿಗೆ ಕುತ್ತು ಬಂತೆಂದು ದಂಗೆಯೆದ್ದರು. ಪಾರ್ಲಿಮೆಂಟು 1700ರಲ್ಲಿ ಆಮದಿಗೆ ತಡೆ ಹಾಕಿತು, 1721ರಲ್ಲಿ ಅಚ್ಚಿನ ಹತ್ತಿಬಟ್ಟೆಯ ಬಳಕೆಗೇ ಕಡಿವಾಣ ಹಾಕಿತು. ಆ ಕಾನೂನು ತೆರವಾದದ್ದು 1774ರಲ್ಲಿ. ಅಷ್ಟರೊಳಗೆ ಅವರೇ ಅಚ್ಚು ಹಾಕುವುದನ್ನು ಕಲಿತಿದ್ದರು. ಇಂದು ನಾವು ‘ಇಂಗ್ಲಿಷ್ ಹೂವು’ ಎಂದು ದುಬಾರಿ ಬೆಲೆ ಕೊಟ್ಟು ತರುವ ಸೋಫಾ ಬಟ್ಟೆಗೆ ಇಷ್ಟು ದೊಡ್ಡ ಪ್ರಯಾಣದ ಹಿನ್ನೆಲೆಯಿದೆ. ಬಂಗಲೆ ಎಂಬ ಮಾತೂ ಹೀಗೆಯೇ, ಬಂಗಾಳದ ಹುಲ್ಲುಮನೆಯಿಂದ ಹೊರಟು ಇಂಗ್ಲಿಷಿಗೆ ಹೋಗಿ ಮರಳಿದ್ದು.

1809ರಲ್ಲಿ ದಂಡು ಪ್ರದೇಶ ತಲೆಯೆತ್ತಿದಾಗ ಇಲ್ಲಿಗೆ ಬಂದ ಸೈನ್ಯದ ಅಧಿಕಾರಿಗಳಿಗೆ ಈ ಊರಿನ ಹವೆ ತವರನ್ನು ನೆನಪಿಸಿತು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ಸಂಜೆಗೆ ತಂಪು ಗಾಳಿ, ಗುಲಾಬಿ ಬೆಳೆಯುವ ಮಣ್ಣು. ಆದರೂ ಕಾಟೇಜನ್ನು ಇದ್ದ ಹಾಗೆ ತಂದು ನಿಲ್ಲಿಸಲು ಆಗಲಿಲ್ಲ. ಇಂಗ್ಲೆಂಡಿನ ಹಳ್ಳಿಮನೆಯ ಸೂರು ತಗ್ಗು, ಕಿಟಕಿ ಚಿಕ್ಕದು, ಬದುಕೆಲ್ಲ ಒಲೆಯ ಸುತ್ತ. ಚಳಿಯನ್ನು ಹೊರಗಿಡುವುದೇ ಅದರ ಕಸುಬು. ಇಲ್ಲಿ ಬಿಸಿಲನ್ನು ಹೊರಗಿಡಬೇಕಿತ್ತು. ಆದ್ದರಿಂದ ಮಾಡು ಮೇಲೇರಿತು, ಮುಂದೆ ವೆರಾಂಡ ಬಂತು, ಕಿಟಕಿಯ ಮೇಲೆ ಮರದ ಪಟ್ಟಿಗಳ ಚೂಪು ಟೋಪಿ ಬಂತು. ಅದನ್ನೇ ಬೆಂಗಳೂರಿಗರು ಮಂಕಿ ಟಾಪ್ ಎಂದು ಕರೆದರು. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕೆಂಪು ಹೆಂಚಿನ ಇಳಿಜಾರು ಮಾಡು ಈ ಬಂಗಲೆಗಳ ಗುರುತೇ ಆಯಿತು. 1896ರಲ್ಲಿ ತರುಣ ಸೈನ್ಯಾಧಿಕಾರಿಯಾಗಿ ಇಲ್ಲಿಗೆ ಬಂದ ವಿನ್‌ಸ್ಟನ್ ಚರ್ಚಿಲ್ ತನ್ನ ಬಂಗಲೆಯನ್ನೂ ಅದರ ತೋಟವನ್ನೂ ಆತ್ಮಕಥೆಯಲ್ಲಿ ಪ್ರೀತಿಯಿಂದ ನೆನೆದಿದ್ದಾನೆ. ಜಾನೆಟ್ ಪಾಟ್ 1977ರಲ್ಲಿ ಹೊರತಂದ ಪುಸ್ತಕದಲ್ಲಿ ಇಂಥ ಮನೆಗಳ ದಾಖಲೆ ಉಳಿದಿದೆ. ಅಲ್ಲಿರುವ ಎಷ್ಟೋ ಮನೆಗಳು ಇಂದು ನೆಲದ ಮೇಲಿಲ್ಲ.

ಬಂಗಲೆ ಹಿರಿಯ ಅಧಿಕಾರಿಗಳದ್ದು. ಕಾಟೇಜಿನ ಅಳತೆಗೆ ನಿಜವಾಗಿ ಹತ್ತಿರ ಬಂದದ್ದು ಆಂಗ್ಲೋ ಇಂಡಿಯನ್ ಕುಟುಂಬಗಳ ಚಿಕ್ಕ ಮನೆಗಳು. 1882ರಲ್ಲಿ ಚಾಮರಾಜ ಒಡೆಯರು ಕೊಟ್ಟ ಭೂಮಿಯಲ್ಲಿ ಹುಟ್ಟಿದ ವೈಟ್‌ಫೀಲ್ಡಿನಲ್ಲೂ ಆಮೇಲೆ ಕುಕ್ ಟೌನಿನಂಥ ಬಡಾವಣೆಗಳಲ್ಲೂ ಬೆತ್ತದ ಕುರ್ಚಿ, ಲೇಸಿನ ಮೇಜುವಸ್ತ್ರ, ಬಾಗಿಲ ಕಮಾನಿಗೆ ಹಬ್ಬಿದ ಬಳ್ಳಿ, ಇಷ್ಟರಲ್ಲೇ ಒಂದು ಹಜಾರ ಹಿತವಾಗಿರುತ್ತಿತ್ತು.

ಈ ಕಥೆಯಲ್ಲಿ ನನಗೆ ಹೆಚ್ಚು ಪ್ರಿಯವಾದ ಭಾಗ ಮುಂದಿನದು. 1898ರ ಪ್ಲೇಗಿಗೆ ಹೆದರಿ ಜನ ಪೇಟೆಯ ಇಕ್ಕಟ್ಟಿನಿಂದ ಹೊರಬಂದು ಮಲ್ಲೇಶ್ವರ, ಬಸವನಗುಡಿ ತುಂಬಿದರು. ತೊಟ್ಟಿಮನೆ, ಪಡಸಾಲೆಗಳಲ್ಲಿ ಬೆಳೆದವರು ಮಂಕಿ ಟಾಪಿನ ಕೆಳಗೆ ಬಾಳತೊಡಗಿದರು. ಅಲ್ಲಿ ಯಾರೂ ಇಂಗ್ಲಿಷ್ ಕೋಣೆಯನ್ನು ನಕಲು ಮಾಡಲು ಕೂತಿರಲಿಲ್ಲ. ಹೊರಗೆ ಜಗಲಿ ಉಳಿಯಿತು, ಒಳಗಿನ ಪಡಸಾಲೆಗೆ ಹಾಲ್ ಎಂಬ ಹೆಸರು ಬಂತು. ಗಾರೆಯ ನೆಲದ ಜಾಗಕ್ಕೆ ರೆಡ್ ಆಕ್ಸೈಡ್ ನೆಲ ಬಂತು. ವರ್ಷಗಟ್ಟಲೆ ಒರೆಸಿ ಒರೆಸಿ ಅದು ಕನ್ನಡಿಯಾಗುತ್ತಿತ್ತು. ಬೇಸಿಗೆಯ ಮಧ್ಯಾಹ್ನ ಚಾಪೆಯೂ ಇಲ್ಲದೆ ಅದರ ಮೇಲೆ ಮಲಗಿದವರಿಗೆ ಆ ತಂಪು ಮೈಯಲ್ಲಿ ಇಂದಿಗೂ ಇದೆ. ಗೋಡೆಯಲ್ಲಿ ರವಿವರ್ಮನ ಸರಸ್ವತಿ, ಮುಂದಕ್ಕೆ ಬಾಗಿಸಿ ತೂಗುಹಾಕಿದ ಮದುವೆಯ ಗ್ರೂಪ್ ಫೋಟೋ. ಮೂಲೆಯಲ್ಲಿ ಹಿರಿಯರ ಈಸಿ ಚೇರು. ಮಿಶನ್ ಶಾಲೆಯಲ್ಲಿ ಕಲಿತ ಹೆಣ್ಣುಮಕ್ಕಳ ಕ್ರೋಶಾ ಕಡ್ಡಿಯಿಂದ ರೇಡಿಯೋಗೊಂದು ಹೊದಿಕೆ. ಬೆತ್ತ ಸಡಿಲವಾದರೆ ಹೆಣೆಯುವವನು ಬೀದಿಯಲ್ಲಿ ಕೂಗುತ್ತ ಬರುತ್ತಿದ್ದ, ಜಗಲಿಯಲ್ಲೇ ಕೂತು ಸರಿಮಾಡಿ ಹೋಗುತ್ತಿದ್ದ. ಹಳೆಯದನ್ನು ಎಸೆಯದೆ ರಿಪೇರಿ ಮಾಡಿಕೊಂಡು ಬಾಳುವುದು ಕಾಟೇಜಿನ ಜೀವಾಳವಾಗಿದ್ದರೆ, ಇಪ್ಪತ್ತನೆಯ ಶತಮಾನದ ಮಲ್ಲೇಶ್ವರದ ಹಾಲ್ ಅದನ್ನು ಪೂರ್ತಿಯಾಗಿ ಸಾಧಿಸಿತ್ತು.

ಆಮೇಲೆ ಆರ್‌ಸಿಸಿ ಬಂತು, ಮೊಸಾಯಿಕ್ ಬಂತು, ಷೋಕೇಸು ಬಂತು, ನಿವೇಶನದ ಬೆಲೆ ಏರಿತು. ಹೆಂಚು ಇಳಿಯಿತು, ಬರ್ಮಾ ತೇಗದ ಬಾಗಿಲು ಗುಜರಿಗೆ ಹೋಯಿತು.

ಮರಳಿ ಬರುವ ದಾರಿ ತೆರೆದದ್ದು ಅಲಂಕಾರದ ಕಡೆಯಿಂದಲ್ಲ, ವಿಜ್ಞಾನದ ಕಡೆಯಿಂದ. ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರು ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಕಟ್ಟಿದರು. ಅಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿಗೆ ತುಸು ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿ ತೆಗೆಯುವ ಇಟ್ಟಿಗೆಯನ್ನು ಹದಕ್ಕೆ ತಂದರು. ಸುಡಬೇಕಿಲ್ಲ, ಗಾರೆ ಬಳಿಯಬೇಕಿಲ್ಲ, ಗೋಡೆಯ ಬಣ್ಣವೇ ಮಣ್ಣಿನ ಬಣ್ಣ. ಇನ್ನೊಂದು ಕಡೆ, 1917ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿ ಭಾರತವನ್ನೇ ಮನೆ ಮಾಡಿಕೊಂಡ ಲಾರಿ ಬೇಕರ್ ಕೇರಳದಲ್ಲಿ ಕಟ್ಟುತ್ತಿದ್ದರು. ಮನೆಗೆ ಬೇಕಾದ ಸಾಮಾನು ಐದು ಮೈಲಿಯ ಸುತ್ತಳತೆಯಲ್ಲೇ ಸಿಗಬೇಕು ಎಂಬ ಗಾಂಧೀಜಿಯ ವಿಚಾರ ಅವರನ್ನು ಕೊನೆಯವರೆಗೂ ನಡೆಸಿತು. ಬೇಕರ್ ಹುಟ್ಟಿದ ನಾಡಿನಲ್ಲಿ ಅರ್ಧ ಶತಮಾನಕ್ಕೂ ಹಿಂದೆಯೇ ವಿಲಿಯಂ ಮಾರಿಸ್ ಇದನ್ನು ಹೋಲುವ ಮಾತು ಹೇಳಿದ್ದ. 1861ರಲ್ಲಿ ಗೆಳೆಯರೊಂದಿಗೆ ಕಂಪನಿ ತೆರೆದು, ಯಂತ್ರದ ಸರಕಿಗೆ ಎದುರಾಗಿ ಕೈಕಸುಬಿನ ಬಟ್ಟೆ, ಕುರ್ಚಿಗಳನ್ನು ಮನೆಯೊಳಗೆ ತಂದವನು ಅವನು. ಇಂದು ನಾವು ಕಾಟೇಜ್ ಶೈಲಿ ಎನ್ನುವುದರ ಬಹುಪಾಲು ಅವನ ಕಾಲದ ಆ ಹಂಬಲದಿಂದ ಬಂದದ್ದು.

ಈ ಎಳೆ ಹೆಸರಘಟ್ಟಕ್ಕೆ ತಲುಪಿದ್ದು 1990ರಲ್ಲಿ. ಒಡಿಸ್ಸಿ ನರ್ತಕಿ ಪ್ರೊತಿಮಾ ಬೇಡಿ ನೃತ್ಯಗ್ರಾಮ ಕಟ್ಟಲು ಕರೆದದ್ದು ಬೇಕರ್ ಬಳಿ ಪಳಗಿದ್ದ ವಾಸ್ತುಶಿಲ್ಪಿ ಜೆರಾರ್ಡ್ ಡ ಕುನ್ಹಾ ಅವರನ್ನು. ಅಲ್ಲಿ ಕಲ್ಲು, ಇಟ್ಟಿಗೆ, ಮಣ್ಣು ತಮ್ಮ ಮೈಬಣ್ಣದಲ್ಲೇ ನಿಂತಿವೆ. ಗೋಡೆ ಬಾಗುತ್ತದೆ, ಕಮಾನು ತಗ್ಗುತ್ತದೆ, ಕಟ್ಟೆ ಗೋಡೆಯಿಂದಲೇ ಹೊರಡುತ್ತದೆ. ಒಂದು ಹೂವಿನ ಪರದೆಯೂ ಬೇಕೆನಿಸದ ಆ ಒಳಾಂಗಣಗಳೇ ನಾನು ಕಂಡ ಹೆಸರಘಟ್ಟದ ಅತ್ಯಂತ ನಿಜವಾದ ಕಾಟೇಜುಗಳು. ಕಾಟೇಜಿನ ಹಿತ ಗೋಡೆಯ ದಪ್ಪದಲ್ಲಿ, ತಗ್ಗಿದ ಬೆಳಕಿನಲ್ಲಿ, ಕೂರಲು ಸಿಗುವ ಮೂಲೆಯಲ್ಲಿ ಇರುತ್ತದೆ. ನಾಲ್ಕೂವರೆ ಅಂಗುಲದ ಗೋಡೆಗೆ ಲೇಸು ತೂಗಿದರೆ ಅದು ಬರಲಾರದು.

ಈಗ ಹಾಲ್ ಮಾಡಿಸುವವರಿಗೆ ನನ್ನದೊಂದೆರಡು ಮಾತು. ಅಗ್ಗಿಷ್ಟಿಕೆ ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟದ ಬಂಗಲೆಗೆ ಸರಿ. ಜನವರಿಯ ಮುಂಜಾವದಲ್ಲೂ 15 ಡಿಗ್ರಿಯ ಆಸುಪಾಸಿನಲ್ಲಿರುವ ಹೆಸರಘಟ್ಟದಲ್ಲಿ ಆ ಗೋಡೆಯ ಜಾಗವನ್ನು ಕಿಟಕಿಗೆ ಕೊಡಿ. ಗೋಡೆ ಒಂದೂವರೆ ಅಡಿಯಿದ್ದರೆ ಕಿಟಕಿಯ ತಳವೇ ಕೂರುವ ಕಟ್ಟೆಯಾಗುತ್ತದೆ, ಒಳಮುಖವಾಗಿ ತಿರುಗಿದ ಜಗಲಿಯ ಹಾಗೆ. ಅದರ ಮೇಲೆ ಉತ್ತರ ಕರ್ನಾಟಕದ ಕೌದಿ ಮಡಚಿ ಹಾಸಿ. ಹಳೆ ಸೀರೆಗಳ ತುಂಡು ಜೋಡಿಸಿ ಹೊಲಿದ ಅದಕ್ಕಿಂತ ಬೆಚ್ಚನೆಯ ಬಟ್ಟೆ ನನಗೆ ಗೊತ್ತಿಲ್ಲ. ಕೆಂಪು ನೆಲ ಮಾಡಿಸುವುದಾದರೆ ಕೈಬಲ್ಲ ಮೇಸ್ತ್ರಿ ಸಿಗುವವರೆಗೆ ಕಾಯಿರಿ. ಜರಡಿ ಹಿಡಿದ ಮರಳು, ಅಳತೆ ತಪ್ಪದ ಬಣ್ಣದ ಪುಡಿ, ಒಂದೇ ದಿನದಲ್ಲಿ ಮುಗಿಯುವ ಉಜ್ಜುವಿಕೆ, ಆಮೇಲೆ ದಿನಗಟ್ಟಲೆ ನೀರು ನಿಲ್ಲಿಸುವ ತಾಳ್ಮೆ, ಇದರಲ್ಲಿ ಒಂದು ತಪ್ಪಿದರೂ ನೆಲ ಬಿರುಕು ಬಿಡುತ್ತದೆ. ಬಾಗಿಲು, ಕಿಟಕಿಗಳಿಗೆ ಕೆಡವಿದ ಮನೆಗಳ ಮರ ಮಾರುವ ಅಂಗಡಿಗಳನ್ನು ಒಮ್ಮೆ ಸುತ್ತಿ ಬನ್ನಿ. ಬಿಳಿ ಬಣ್ಣದ ಡಬ್ಬಿ ತೆರೆಯುವ ಮೊದಲು ಆ ಮರದ ನಾರನ್ನು ಬೆಳಕಿಗೆ ಹಿಡಿದು ನೋಡಿ.

ಹೂವಿಗಂತೂ ಊರು ದಾಟಬೇಕಿಲ್ಲ. 1967ರಲ್ಲಿ ಹುಟ್ಟಿದ, ಇಲ್ಲೇ ಇರುವ ತೋಟಗಾರಿಕಾ ಸಂಶೋಧನಾ ಸಂಸ್ಥೆ ಶೃಂಗಾರ್, ಪ್ರಜ್ವಲ್, ಸುವಾಸಿನಿ ಎಂಬ ಸುಗಂಧರಾಜದ ತಳಿಗಳನ್ನು ಕೊಟ್ಟಿದೆ. ಸುತ್ತಿನ ಎಸಳುಗಳ ಸುವಾಸಿನಿಯ ನಾಲ್ಕು ಕಡ್ಡಿಯನ್ನು ಹಿತ್ತಾಳೆ ಚೊಂಬಿನಲ್ಲಿ ಕಿಟಕಿ ಕಟ್ಟೆಗಿಟ್ಟರೆ, ಸಂಜೆ ಕೆರೆಯ ಕಡೆಯಿಂದ ಗಾಳಿ ಬೀಸಿದಾಗ ಹಾಲ್ ತುಂಬ ಅದೇ ಪರಿಮಳ.